ಗೋಲ್ಕೊಂಡದ ಹೆಬ್ಬಾಗಿಲು: ಚಪ್ಪಾಳೆಯ ಆಚೆಗೆ

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮವರ ಮನೆಗೆ ಊರಿನಿಂದ ನೆಂಟರು ಬಂದರೆ ಚಾರ್ಮಿನಾರ್, ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಮತ್ತು ಗೋಲ್ಕೊಂಡ ಕೋಟೆ ಈ ಮೂರನ್ನೂ ತೋರಿಸದೆ ಕಳುಹಿಸುವ ವಾಡಿಕೆಯಿಲ್ಲ. ಗೋಲ್ಕೊಂಡ ನೋಡಿ ಬಂದವರನ್ನು ಕೇಳಿದರೆ ಬಹುಮಟ್ಟಿಗೆ ಸಿಗುವ ಉತ್ತರ ಒಂದೇ: ಕೆಳಗೆ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯಲ್ಲಿ ಕೇಳಿಸುತ್ತದೆ. ಅದು ನಿಜ, ಸೋಜಿಗವೂ ಹೌದು. ಆದರೆ ಇಷ್ಟು ದೊಡ್ಡ ನಗರಕೋಟೆಯ ಹೆಬ್ಬಾಗಿಲಿಂದ ನಾವು ಹೊತ್ತು ತರುವುದು ಒಂದು ಸದ್ದನ್ನು ಮಾತ್ರವೇ? ಬಾಗಿಲನ್ನು ದಾಟಿದವರು ಬಹಳ, ನೋಡಿದವರು ಕಡಿಮೆ ಎಂಬುದು ನಮ್ಮ ತಕರಾರು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಗೋಲ್ಕೊಂಡ ಬರಿಯ ಗುಡ್ಡದ ಕೋಟೆಯಲ್ಲ, ಗೋಡೆಯೊಳಗಿನ ಪಟ್ಟಣ. ಹೊರಗೋಡೆಗೆ 87 ಕೊತ್ತಲಗಳು, 8 ಬಾಗಿಲುಗಳು ಎಂದು ಲೆಕ್ಕ. ಆ ಎಂಟರಲ್ಲಿ ಆಗ್ನೇಯಕ್ಕಿರುವ ಫತೇ ದರ್ವಾಜವೇ ಪಟ್ಟಣದ ಹೆಬ್ಬಾಗಿಲು. ಅದನ್ನು ದಾಟಿ ಮನೆ, ಅಂಗಡಿ, ಮಸೀದಿಗಳ ನಡುವೆ ಸಾಗಿದ ಮೇಲೆ ಒಳಕೋಟೆಯ ಬಾಗಿಲು ಸಿಗುತ್ತದೆ. ಅದು ಬಾಲಾ ಹಿಸಾರ್ ದರ್ವಾಜ. ಟಿಕೇಟು ಕೊಳ್ಳುವುದೂ ಚಪ್ಪಾಳೆ ತಟ್ಟುವುದೂ ಇಲ್ಲಿ. ಪ್ರವಾಸಿ ಬರಹಗಳು ಈ ಚಪ್ಪಾಳೆಯನ್ನು ಫತೇ ದರ್ವಾಜಕ್ಕೆ ಅಂಟಿಸುವುದುಂಟು. ಬರೆದವರು ಎರಡು ಬಾಗಿಲುಗಳಲ್ಲಿ ಒಂದನ್ನು ಕಾರಿನೊಳಗೆ ಕುಳಿತೇ ದಾಟಿದ್ದಾರೆಂದು ನಾವು ತಿಳಿಯಬೇಕು!

ಲಂಗರ್ ಹೌಜ್ ಕಡೆಯಿಂದ ಬರುವವರಿಗೆ ಎದುರಾಗುವ ಫತೇ ದರ್ವಾಜದಲ್ಲಿ ಇಂದಿಗೂ ವಾಹನ ಸಂಚಾರವಿದೆ. ಆಟೋ, ಸ್ಕೂಟರುಗಳು ಹಾರನ್ ಬಾರಿಸುತ್ತ ನುಗ್ಗುವ ಜಾಗದಲ್ಲಿ ತಲೆಯೆತ್ತಿ ನಿಲ್ಲುವುದು ಸುಲಭವಲ್ಲ. ಆದರೂ ನಿಂತರೆ ಕಟ್ಟಿದವರ ಲೆಕ್ಕಾಚಾರ ತಿಳಿಯುತ್ತದೆ. ದಾರಿ ನೇರವಾಗಿ ಒಳಗೆ ಬಿಡುವುದಿಲ್ಲ, ತಿರುಗಿಸಿ ಬಿಡುತ್ತದೆ. ಓಡಿಬಂದ ಆನೆಗೆ ವೇಗ ಸಿಗಬಾರದು. ಕದಗಳಿಗೆ ಕಬ್ಬಿಣದ ಮೊಳೆಗಳು. ಆನೆ ಹಣೆಯೊಡ್ಡಿ ನೂಕಬಾರದು. ಬಾಲಾ ಹಿಸಾರ್ ಬಾಗಿಲ ಮುಂದೆಯೂ ಇದೇ ಉದ್ದೇಶಕ್ಕೆ ಒಂದು ಅಡ್ಡಗೋಡೆಯಿದೆ. ಅತಿಥಿಯನ್ನು ಬರಮಾಡಿಕೊಳ್ಳಬೇಕು, ಶತ್ರುವನ್ನು ತಡೆಯಬೇಕು: ಒಂದೇ ಕಟ್ಟಡದಿಂದ ಈ ಎರಡು ಕೆಲಸಗಳನ್ನು ಮಾಡಿಸಿದ್ದೇ ಈ ಶಿಲ್ಪದ ಹೆಚ್ಚುಗಾರಿಕೆ.

ಬಾಲಾ ಹಿಸಾರ್ ಬಾಗಿಲ ನೆತ್ತಿಯನ್ನು ನೋಡಿ. ಕಮಾನಿನ ಮೇಲೆ ಗಾರೆಯಲ್ಲಿ ಮೂಡಿಸಿದ ನವಿಲುಗಳಿವೆ, ಸಿಂಹಗಳಿವೆ. ಕಮಾನು ಪರ್ಷಿಯದ ರೀತಿಯದಾದರೂ ಅದರ ಮೇಲಿನ ಪ್ರಾಣಿಪಕ್ಷಿಗಳು ಈ ನೆಲದವು. ಇದರಲ್ಲಿ ಅಚ್ಚರಿಪಡಬೇಕಾದ್ದೂ ಇಲ್ಲ. ಕಾಕತೀಯರ ಕಾಲದ ಮಣ್ಣಿನ ಕೋಟೆ 14ನೆಯ ಶತಮಾನದಲ್ಲಿ ಬಹಮನಿಗಳ ಕೈಸೇರಿತು. ಕಲಬುರ್ಗಿ, ಬೀದರುಗಳಿಂದ ಆಳಿದವರು ಅವರು. 1518ರ ಸುಮಾರಿಗೆ ಕುಲಿ ಕುತ್ಬುಲ್ ಮುಲ್ಕ್ ಇಲ್ಲಿ ತನ್ನ ವಂಶದ ಆಳ್ವಿಕೆಗೆ ಅಡಿಪಾಯ ಹಾಕಿದ. ಕೋಟೆಯನ್ನು ಕಲ್ಲುಗಾರೆಯಿಂದ ಬಲಪಡಿಸಿದ ಇಬ್ರಾಹಿಂ ಕುತುಬ್ ಷಾ, 1550ರಲ್ಲಿ ಪಟ್ಟಕ್ಕೆ ಬರುವ ಮುನ್ನ ಸುಮಾರು ಏಳು ವರ್ಷ ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲಿದ್ದವನು. 1565ರಲ್ಲಿ ಅದೇ ವಿಜಯನಗರದ ವಿರುದ್ಧ ದಂಡೆತ್ತಿ ಹೋದವರಲ್ಲಿ ಅವನೂ ಒಬ್ಬ. ತನಗೆ ಬಾಗಿಲು ತೆರೆದ ಊರನ್ನೇ ಅವನು ಮುರಿದ. ಹಂಪೆಯ ಹಾಳನ್ನು ಕಂಡ ನಮ್ಮವರು ಈ ಬಾಗಿಲಲ್ಲಿ ನಿಂತಾಗ ಆ ಮಾತನ್ನು ಮರೆಯಲಾರರು.

ಇನ್ನು ಹೆಬ್ಬಾಗಿಲಿನ ಹೆಸರು. ಫತೇ ಎಂದರೆ ವಿಜಯ. ಯಾರ ವಿಜಯ? ಕಟ್ಟಿದವರದಲ್ಲ, ಕಾಯ್ದವರದೂ ಅಲ್ಲ. ಔರಂಗಜೇಬನ ಸೈನ್ಯ ಗೆದ್ದು ಒಳಹೊಕ್ಕ ನೆನಪಿಗೆ ಈ ಹೆಸರು ಬಂದಿತೆಂದು ಪ್ರತೀತಿ. 1687ರಲ್ಲಿ ಸುಮಾರು ಎಂಟು ತಿಂಗಳು ಮೊಗಲರು ಈ ಗೋಡೆಗಳ ಹೊರಗೆ ಕಾದರು. ಅವರು ಇಟ್ಟ ಸುರಂಗದ ಮದ್ದು ಅವರ ಮೇಲೆಯೇ ಸಿಡಿಯಿತು. ಮಳೆ, ಹಸಿವು, ರೋಗ ಪಾಳೆಯವನ್ನು ಹಣ್ಣುಮಾಡಿದುವು. ಕೊತ್ತಲ ಬೀಳಲಿಲ್ಲ, ಕದ ಮುರಿಯಲಿಲ್ಲ. ಕೊನೆಗೆ ಅಬ್ದುಲ್ಲಾ ಪಾನಿ ಎಂಬ ಸರದಾರ ಲಂಚಕ್ಕೆ ಒಲಿದು ದಿಡ್ಡಿ ಬಾಗಿಲನ್ನು ರಾತ್ರಿ ಒಳಗಿನಿಂದ ತೆರೆದ. ಅಬ್ದುಲ್ ರಜಾಕ್ ಲಾರಿ ಎಂಬ ಸೇನಾನಿ ಮಾತ್ರ ಮೈತುಂಬ ಗಾಯವಾಗುವವರೆಗೆ ಕಾದಾಡಿದ. ಅವನ ಸ್ವಾಮಿನಿಷ್ಠೆಗೆ ಮೆಚ್ಚಿ ಔರಂಗಜೇಬನೇ ಚಿಕಿತ್ಸೆ ಮಾಡಿಸಿದನಂತೆ. ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾ ಷಾ ದೌಲತಾಬಾದಿನ ಸೆರೆ ಸೇರಿದ.

ಚಪ್ಪಾಳೆಯ ಕಥೆಗೆ ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಆ ಕಥೆ ಹೇಳುವುದು ಜಾಣತನವನ್ನು: ಯಾರು ಬಂದರೂ ಮೇಲಿದ್ದವರಿಗೆ ತಿಳಿಯುತ್ತಿತ್ತು, ಆದ್ದರಿಂದ ಕೋಟೆ ಅಭೇದ್ಯ ಎಂದು. ಒಳಗಿನವನೇ ಅಗುಳಿ ತೆಗೆದ ಮೇಲೆ ಯಾವ ಸದ್ದು ಯಾರನ್ನು ಎಚ್ಚರಿಸೀತು? ಬಾಗಿಲಿನ ಬಲ ಕದದಲ್ಲಿ ಅರ್ಧ, ಕಾಯುವವನ ಮನಸ್ಸಿನಲ್ಲಿ ಅರ್ಧ. ಮಾರ್ಗದರ್ಶಕರು ಮೊದಲ ಅರ್ಧವನ್ನು ಚಪ್ಪಾಳೆ ಹೊಡೆದು ತೋರಿಸುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಮಕ್ಕಳು ನಗುತ್ತಾರೆ, ನಾವು ಫೋಟೊ ತೆಗೆಯುತ್ತೇವೆ, ಇತಿಹಾಸ ಅಲ್ಲಿಗೆ ಮುಗಿಯುತ್ತದೆ.

ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮಗೆ ಊರಬಾಗಿಲೆಂದರೆ ಬರಿಯ ಕಲ್ಲಲ್ಲ. ನಮ್ಮನ್ನು ಒಳಗೆ ಬಿಟ್ಟುಕೊಂಡ ಊರಿನ ಕಥೆಯನ್ನು ಅರ್ಧಂಬರ್ಧ ತಿಳಿದುಕೊಂಡು ನೆಂಟರಿಗೆ ಒಪ್ಪಿಸುವುದು ನಮಗೆ ಶೋಭಿಸದು. ಮುಂದಿನ ಸಲ ಹೋಗುವವರು ವಾಹನವನ್ನು ಫತೇ ದರ್ವಾಜದ ಹೊರಗೇ ಬಿಟ್ಟು, ಬೆಳಗಿನ ಹೊತ್ತು ಸಂದಣಿ ಕಡಿಮೆಯಿರುವಾಗ ನಡೆದು ಒಳಹೋಗಲಿ. ದಾರಿಯ ತಿರುವನ್ನು ಕಾಲಿನಿಂದ ತಿಳಿಯಲಿ, ಕದದ ಮೊಳೆಗಳನ್ನು ಮಕ್ಕಳಿಗೆ ತೋರಿಸಲಿ. ಬಾಲಾ ಹಿಸಾರಿನಲ್ಲಿ ಚಪ್ಪಾಳೆಯನ್ನೂ ತಟ್ಟಲಿ, ಬೇಡವೆನ್ನುವವರು ನಾವಲ್ಲ. ಆದರೆ ಸದ್ದು ಗುಡ್ಡವೇರಿದ ಮೇಲೆ ಅಬ್ದುಲ್ಲಾ ಪಾನಿಯ ಹೆಸರನ್ನೂ ಅಬ್ದುಲ್ ರಜಾಕನ ಹೆಸರನ್ನೂ ಒಟ್ಟಿಗೇ ಹೇಳಲಿ.