ಹರಿವೇ ಸಂಗ್ರಹವಲ್ಲ: ಮಾರ್ಟೆಲ್ ಮತ್ತು ಮಧುಗಿರಿ ಸೀಮೆಯ ಅಂತರ್ಜಲ

ಅಂತರ್ಜಲ ವಿಜ್ಞಾನದ ಇತಿಹಾಸದಲ್ಲಿ ಫ್ರಾನ್ಸಿನ ಎಡ್ವಾರ್ಡ್ ಆಲ್ಫ್ರೆಡ್ ಮಾರ್ಟೆಲ್ (1859–1938) ಅವರಿಗೆ ವಿಶಿಷ್ಟ ಸ್ಥಾನವಿದೆ. ಕಾನೂನು ಓದಿದ್ದ ಅವರು ಹಗ್ಗ, ಏಣಿ, ಮಡಚುವ ದೋಣಿಗಳನ್ನು ಹೊತ್ತು ಸುಣ್ಣಕಲ್ಲಿನ ಗುಹೆಗಳಿಗೆ ಇಳಿದರು. 1889ರಲ್ಲಿ ಪಾದಿರಾಕ್ ಎಂಬ ಆಳವಾದ ಕೂಪದ ತಳದಲ್ಲಿ ನೆಲದಡಿಯ ನದಿಯೊಂದರ ಮೇಲೆ ದೋಣಿಯಲ್ಲಿ ಸಾಗಿದರು. ಅವರ ವೃತ್ತಿಜೀವನವನ್ನು ಸಾಹಸಗಾಥೆಯಾಗಿ ಹೇಳುವುದು ಸುಲಭ. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಅವರ ಸಾಧನೆಯಷ್ಟೇ ಅವರ ತಪ್ಪೂ ಮುಖ್ಯ. ಆ ತಪ್ಪನ್ನು ನಾವು ತುಮಕೂರು ಜಿಲ್ಲೆಯಲ್ಲಿ ಇಂದಿಗೂ ಮಾಡುತ್ತಿದ್ದೇವೆ.

ಮೊದಲು ಸಾಧನೆಯನ್ನು ನೋಡೋಣ. ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲನ್ನು ಕರಗಿಸುತ್ತದೆ. ಕೂದಲೆಳೆಯಂಥ ಬಿರುಕು ಸಾವಿರಾರು ವರ್ಷಗಳಲ್ಲಿ ಕೊಳವೆಯಾಗಿ, ಕೊನೆಗೆ ಗುಹೆಯಾಗುತ್ತದೆ. ಸ್ಲೊವೇನಿಯದ ಕ್ರಾಸ್ ಪ್ರಸ್ಥಭೂಮಿಯ ಹೆಸರಿನಿಂದ ಇಂಥ ನೆಲಕ್ಕೆ ‘ಕಾರ್ಸ್ಟ್’ ಎಂಬ ಹೆಸರು ಬಂದಿದೆ. ಇಲ್ಲಿ ನೀರು ಸೋಸಿಕೊಳ್ಳದೆ ವೇಗವಾಗಿ ಹರಿಯುತ್ತದೆ. 1891ರಲ್ಲಿ ಚಿಲುಮೆಯೊಂದರ ನೀರು ಕುಡಿದು ಕಾಯಿಲೆ ಬಿದ್ದ ಮಾರ್ಟೆಲ್, ಅದರ ಮೇಲ್ಭಾಗದ ಕೂಪದಲ್ಲಿ ಸತ್ತ ಕರುವೊಂದು ಕೊಳೆಯುತ್ತಿದ್ದುದನ್ನು ಕಂಡರು. ಇಂಥ ಕೂಪಗಳಿಗೆ ಸತ್ತ ಪ್ರಾಣಿಗಳನ್ನು ಎಸೆಯಬಾರದೆಂಬ ವಿಧಿ 1902ರ ಫ್ರೆಂಚ್ ಸಾರ್ವಜನಿಕ ಆರೋಗ್ಯ ಕಾನೂನಿನಲ್ಲಿ ಸೇರಲು ಅವರ ಹೋರಾಟ ಕಾರಣವಾಯಿತು. ಚಿಲುಮೆಯನ್ನು ಉಳಿಸಬೇಕಾದರೆ ನೀರು ಇಂಗುವ ಜಾಗವನ್ನು ಕಾಯಬೇಕು ಎಂಬುದು ಅವರು ಕೊಟ್ಟ ಪಾಠ.

ಇನ್ನು ತಪ್ಪು. ಸುಣ್ಣಕಲ್ಲಿನಲ್ಲಿ ಅವಿಚ್ಛಿನ್ನವಾದ ಜಲಮಟ್ಟವೇ ಇಲ್ಲ, ಇರುವುದು ಬಿಡಿಬಿಡಿ ನಾಳಗಳು ಮಾತ್ರ ಎಂದು ಮಾರ್ಟೆಲ್ ಬಲವಾಗಿ ವಾದಿಸಿದರು. 1903ರಲ್ಲಿ ಆಲ್ಫ್ರೆಡ್ ಗ್ರುಂಡ್ ಇದಕ್ಕೆ ವಿರುದ್ಧವಾಗಿ, ಕಾರ್ಸ್ಟ್ ನೆಲದಲ್ಲೂ ವಿಸ್ತಾರವಾದ ಅಂತರ್ಜಲವಿದೆ ಎಂದರು. ಇಬ್ಬರ ಮಾತೂ ಅರ್ಧ ಸತ್ಯವೆಂದು ಈಗ ತಿಳಿದಿದೆ. ನೀರನ್ನು ಸಾಗಿಸುವುದು ಹೆಚ್ಚಾಗಿ ದೊಡ್ಡ ನಾಳಗಳು. ಅದನ್ನು ಕೂಡಿಟ್ಟುಕೊಳ್ಳುವುದು ಹೆಚ್ಚಾಗಿ ಸಣ್ಣ ಬಿರುಕು, ರಂಧ್ರಗಳು. ಗುಹೆಗೆ ಇಳಿದವನಿಗೆ ಕಾಣುವುದು ನಾಳ. ಕಂಡ ಹರಿವನ್ನೇ ಮಾರ್ಟೆಲ್ ಇಡೀ ವ್ಯವಸ್ಥೆಯೆಂದು ಭಾವಿಸಿದರು.

ಈಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಬರೋಣ. ಇಲ್ಲಿನ ನೆಲದ ಬಹುಭಾಗ ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟ್ ಮತ್ತು ಅದಕ್ಕೂ ಹಳೆಯ ನೈಸ್ ಶಿಲೆ. ಇವು ಸುಣ್ಣಕಲ್ಲಿನಂತೆ ಕರಗಿ ಗುಹೆಯಾಗುವುದಿಲ್ಲ. ಆದರೂ ‘ನೆಲದಡಿ ಗಂಗೆ ಹರಿಯುತ್ತಾಳೆ, ಆಳಕ್ಕೆ ಹೋದರೆ ಸಿಕ್ಕೇ ಸಿಗುತ್ತಾಳೆ’ ಎಂಬ ನಂಬಿಕೆ ಬಲವಾಗಿದೆ. ಕೊಳವೆಬಾವಿ ಕೊರೆದಾಗ ‘ಎರಡು ಇಂಚು ನೀರು ಬಿತ್ತು’ ಎನ್ನುತ್ತೇವೆ. ಗಮನಿಸಿ: ಇಂಚು ತಿಳಿಸುವುದು ಹರಿವಿನ ದರವನ್ನು, ದಾಸ್ತಾನನ್ನಲ್ಲ. ನಲ್ಲಿಯ ರಭಸ ನೋಡಿ ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂದು ಹೇಳಲಾದೀತೇ?

ಒಂದು ಸರಳ ಲೆಕ್ಕ ಮಾಡೋಣ. ವರ್ಷದ ಮಳೆ 600 ಮಿ.ಮೀ., ಅದರಲ್ಲಿ ಶೇಕಡ 10 ಇಂಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ 60 ಮಿ.ಮೀ. ಮೇಲಿನ ಶಿಥಿಲ ಶಿಲೆಯಿಂದ ಬಸಿದು ಬರಬಲ್ಲ ನೀರು ಅದರ ಗಾತ್ರದ ಶೇಕಡ 2ರಷ್ಟಿದ್ದರೆ, ಈ 60 ಮಿ.ಮೀ. ನೀರನ್ನು ಎತ್ತಿದಾಗ ಜಲಮಟ್ಟ 3 ಮೀಟರ್ ಇಳಿಯುತ್ತದೆ. ಕೆಳಗಿನ ಗಟ್ಟಿ ಬಂಡೆಯಲ್ಲಿ ಈ ಪ್ರಮಾಣ ಸುಮಾರು ಶೇಕಡ 0.3 ಮಾತ್ರ. ಅಲ್ಲಿ ಅಷ್ಟೇ ನೀರಿಗೆ ಮಟ್ಟ 20 ಮೀಟರ್ ಕುಸಿಯುತ್ತದೆ. ಆಳಕ್ಕೆ ಹೋದಷ್ಟೂ ಖರ್ಚು ಏರುತ್ತದೆ, ದಾಸ್ತಾನು ಕರಗುತ್ತದೆ. ಭತ್ತದ ಬೆಳೆಗೆ 1,200 ಮಿ.ಮೀ. ನೀರು ಬೇಕೆಂದರೆ, ಒಂದು ಎಕರೆ ಗದ್ದೆ 20 ಎಕರೆಯ ಇಂಗುನೀರನ್ನು ಕುಡಿಯುತ್ತದೆ. ಸಾಲ ಮಾಡಿ ಸಾವಿರ ಅಡಿ ಕೊರೆಸುವ ರೈತನಿಗೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಇದೇ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೊಂದು ತಿಳಿವಳಿಕೆಯೂ ಇತ್ತು: ತಲಪರಿಗೆ. ಹಳ್ಳದ ಪಾತ್ರ, ಕೆರೆಯಂಗಳ, ತಗ್ಗು ಜಮೀನುಗಳಲ್ಲಿ ಜಿನುಗುವ ನೀರಿನ ಸೆಲೆಯನ್ನು ಬಿಡಿಸಿ, ಗುಂಡಿ ಮಾಡಿ, ಕಾಲುವೆಯ ಮೂಲಕ ಹೊಲಕ್ಕೆ ಹರಿಸುವ ವ್ಯವಸ್ಥೆಯಿದು. ಊರವರೇ ಸೇರಿ ಹೂಳೆತ್ತುತ್ತಿದ್ದರು. ಇದರ ಭೌತಶಾಸ್ತ್ರ ಸೊಗಸಾಗಿದೆ. ಹರಿವು ಜಲಮಟ್ಟದ ಇಳಿಜಾರಿಗೆ ಅನುಪಾತದಲ್ಲಿರುತ್ತದೆ ಎಂದು ಹೆನ್ರಿ ಡಾರ್ಸಿ 1856ರಲ್ಲಿ ತೋರಿಸಿದರು. ಜಲಮಟ್ಟ ಇಳಿದಂತೆ ತಲಪರಿಗೆಯ ಹರಿವೂ ತಾನೇ ತಗ್ಗುತ್ತದೆ. ಗುಂಡಿಯ ಮಟ್ಟಕ್ಕಿಂತ ಕೆಳಗಿನ ನೀರನ್ನು ಅದು ಮುಟ್ಟಲಾರದು. ಪಂಪಿಗೆ ಈ ಮಿತಿಯಿಲ್ಲ. ಕೊಳವೆಬಾವಿಗಳು ಮಟ್ಟವನ್ನು ತಗ್ಗಿಸಿದಲ್ಲಿ ತಲಪರಿಗೆ ಬತ್ತುವುದು ಸಹಜ. ಹಾಗೆಂದು ತಲಪರಿಗೆಯನ್ನು ಎಲ್ಲಕ್ಕೂ ಪರಿಹಾರವೆನ್ನಲಾಗದು. ಇಂದಿನ ಬೇಡಿಕೆಯನ್ನು ಅದೊಂದೇ ಪೂರೈಸಲಾರದು. ಆದರೆ ದಾಸ್ತಾನು ಎಲ್ಲಿದೆ ಎಂಬುದನ್ನು ಅದು ಸರಿಯಾಗಿ ಗುರುತಿಸಿತ್ತು.

ಆಳದ ನೀರಿಗೆ ಇನ್ನೊಂದು ಬೆಲೆಯಿದೆ. ಗ್ರಾನೈಟಿನ ಖನಿಜಗಳೊಂದಿಗೆ ದೀರ್ಘಕಾಲ ಸಂಪರ್ಕದಲ್ಲಿರುವ, ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚುತ್ತದೆ. ಪಾವಗಡದ ಫ್ಲೋರೋಸಿಸ್ ಇದಕ್ಕೆ ಸಾಕ್ಷಿ. ಕುಡಿಯುವ ನೀರಿನಲ್ಲಿ ಫ್ಲೋರೈಡಿಗೆ ಭಾರತೀಯ ಮಾನಕ ಅನುಮತಿಸುವ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕಾರ್ಸ್ಟ್ ನೀರಿಗೆ ವೇಗವೇ ಅಪಾಯವಾದರೆ ಇಲ್ಲಿನ ನೀರಿಗೆ ನಿಧಾನವೇ ಅಪಾಯ.

ನಮ್ಮ ಪಾಠಗಳು ಅಂತರ್ಜಲವನ್ನು ಜಲಚಕ್ರದ ಚಿತ್ರದಲ್ಲಿ ಒಂದು ನೀಲಿ ಪಟ್ಟಿಯಾಗಿ ತೋರಿಸಿ ಮುಗಿಸುತ್ತವೆ. ಅದು ಯಾವ ಶಿಲೆ, ಎಷ್ಟು ಹಿಡಿಯುತ್ತದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಈ ತಾಲ್ಲೂಕುಗಳ ಶಿಕ್ಷಕರು ಶಾಲೆಯ ಸಮೀಪದ ತೆರೆದ ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಮಕ್ಕಳಿಂದ ಅಳೆಸಿ, ಮಳೆಯ ಪ್ರಮಾಣದೊಂದಿಗೆ ನಕ್ಷೆ ಬರೆಸಬಹುದು. ಬಾವಿಯಲ್ಲಿ ನೀರೇ ಇಲ್ಲದಿದ್ದರೆ ಅದನ್ನೂ ದಾಖಲಿಸಬೇಕು. ಹಗ್ಗ ಮತ್ತು ಅಳತೆಪಟ್ಟಿ ಸಾಕು; ದೋಣಿ ಬೇಡ.