ಫ್ಲ್ಯಾಪಿಗೆ ವೈ ಕೇಬಲ್ ಸಲ್ಲದು

ಮಾದರಿ ವಿಮಾನದ ರೆಕ್ಕೆಗೆ ಫ್ಲ್ಯಾಪ್ ಕೂರಿಸಲು ಹೊರಟವರು ಮೊದಲು ಕೈಹಾಕುವುದು ವೈ ಕೇಬಲ್ಲಿಗೆ. ಎರಡು ಸರ್ವೊ, ಒಂದು ಕವಲು ತಂತಿ, ರಿಸೀವರಿನಲ್ಲಿ ಒಂದೇ ಚಾನೆಲ್. ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ದುಡ್ಡೂ ಉಳಿಯುತ್ತದೆ. ಜಕ್ಕೂರಿನ ಬಯಲಾಗಲಿ, ಕೋಸಗಿ–ಮಕ್ತಲ್ ಕಡೆಯ ಕೊಯ್ಲಾದ ಹೊಲವಾಗಲಿ, ಈ ರೂಢಿ ಫ್ಲ್ಯಾಪಿಗೆ ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸರ್ವೊಗೆ ಮೂರು ತಂತಿ: ಸಾಮಾನ್ಯವಾಗಿ ಕಂದು ನೆಗೆಟಿವ್, ಕೆಂಪು ಪಾಸಿಟಿವ್, ಕಿತ್ತಳೆ ಸಂಕೇತದ್ದು. ಕಿತ್ತಳೆ ತಂತಿಯಲ್ಲಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಮಿಡಿತ ಬರುತ್ತದೆ. ಆ ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ಸರ್ವೊದ ತೋಳು ನಡುವೆ ನಿಲ್ಲುತ್ತದೆ. 1 ಆದರೆ ಒಂದು ತುದಿ, 2 ಆದರೆ ಇನ್ನೊಂದು ತುದಿ. ಎಡಬಲ ರೆಕ್ಕೆಗಳಲ್ಲಿ ಸರ್ವೊಗಳು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಕೂತಾಗ, ಒಂದೇ ಮಿಡಿತಕ್ಕೆ ಒಂದು ಬದಿ ಮೇಲೆದ್ದರೆ ಇನ್ನೊಂದು ಕೆಳಗಿಳಿಯುತ್ತದೆ. ಐಲರಾನಿಗೆ ಬೇಕಾದದ್ದೇ ಅದು. ಫ್ಲ್ಯಾಪಿಗಾದರೋ ಎರಡೂ ಒಟ್ಟಿಗೇ ಇಳಿಯಬೇಕು.

ಇದಕ್ಕೆ ಹುಡುಗರು ಕಂಡುಕೊಂಡ ಉಪಾಯಗಳಿವೆ. ಕೆಲವರು ಒಂದು ಸರ್ವೊ ಬಿಚ್ಚಿ ಮೋಟಾರಿನ ತಂತಿಗಳನ್ನೂ ಪೊಟೆನ್ಶಿಯೋಮೀಟರಿನ ಎರಡು ತುದಿಗಳನ್ನೂ ಅದಲುಬದಲು ಮಾಡಿ ಬೆಸುಗೆ ಹಾಕುತ್ತಾರೆ. ಕೈಚಳಕ ಮೆಚ್ಚತಕ್ಕದ್ದೇ. ಆದರೆ ಆ ಸರ್ವೊ ಹೊಲದಲ್ಲಿ ಕೆಟ್ಟರೆ ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದು ಹಾಕುವಂತಿಲ್ಲ. ಸಂಕೇತವನ್ನು ತಿರುಗಿಸುವ ರಿವರ್ಸರನ್ನು ನಡುವೆ ಸಿಕ್ಕಿಸಿದರೆ ಕೆಡಬಹುದಾದ ವಸ್ತು ಒಂದು ಹೆಚ್ಚಾಯಿತು. ಎರಡೂ ಸರ್ವೊಗಳನ್ನು ಒಂದೇ ದಿಕ್ಕಿಗೆ ಮುಖಮಾಡಿ ಕೂರಿಸುವುದು ಇವುಗಳಿಗಿಂತ ವಾಸಿ; ದಿಕ್ಕಿನ ತೊಂದರೆ ಅಷ್ಟಕ್ಕೆ ತೀರುತ್ತದೆ.

ತೀರದೆ ಉಳಿಯುವುದು ಅಳತೆಯ ತೊಂದರೆ. ಸರ್ವೊದ ಶಾಫ್ಟಿಗೆ 25 ಹಲ್ಲುಗಳಿದ್ದರೆ, ಒಂದು ಹಲ್ಲು ಸರಿಸಿದಾಗ ತೋಳು 14.4 ಡಿಗ್ರಿ ತಿರುಗುತ್ತದೆ. ಎಷ್ಟೇ ಜಾಣತನದಿಂದ ಕೂರಿಸಿದರೂ ತೋಳು ಬೇಕಾದ ಜಾಗದಿಂದ 7 ಡಿಗ್ರಿಯವರೆಗೆ ಆಚೀಚೆ ಆಗಬಹುದು. ಪುಶ್‌ರಾಡಿನ ಉದ್ದ ತಿದ್ದಿ ಮುಚ್ಚಿದ ಸ್ಥಿತಿಯಲ್ಲಿ ಎರಡನ್ನೂ ಸಮ ಮಾಡಬಹುದು. ಆದರೆ ತೋಳುಗಳ ಕೋನ ಬೇರೆಯಾದ್ದರಿಂದ ಪೂರ್ತಿ ಇಳಿಸಿದಾಗ ಒಂದು 40 ಡಿಗ್ರಿ, ಮತ್ತೊಂದು 35 ಆಗಬಹುದು. ಫ್ಲ್ಯಾಪ್ ಇಳಿಸುವುದೇ ವೇಗ ಕಡಿಮೆಯಾದಾಗ. ಆಗ ಐಲರಾನಿನ ಹಿಡಿತವೂ ಸಡಿಲ. ನೆಲ ಸಮೀಪಿಸುತ್ತಿರುವ ಆ ಹೊತ್ತಿಗೆ ವಿಮಾನ ಒಂದು ಪಕ್ಕಕ್ಕೆ ಮಗುಚತೊಡಗಿದರೆ ಸಾವರಿಸಿಕೊಳ್ಳಲು ಎತ್ತರವೇ ಇರುವುದಿಲ್ಲ.

ನಿಜವಾದ ವಿಮಾನಗಳವರು ಇದನ್ನು ಎಂದೋ ಗಂಭೀರವಾಗಿ ತೆಗೆದುಕೊಂಡರು. ಸಣ್ಣ ವಿಮಾನಗಳಿಗೆ ಅಮೆರಿಕದಲ್ಲಿ ದೀರ್ಘಕಾಲ ಜಾರಿಯಲ್ಲಿದ್ದ 23.701ನೇ ನಿಯಮದಂತೆ, ಎಡಬಲ ಫ್ಲ್ಯಾಪುಗಳನ್ನು ಯಾಂತ್ರಿಕವಾಗಿ ಒಂದಕ್ಕೊಂದು ಜೋಡಿಸಿರಬೇಕಿತ್ತು. ಇಲ್ಲವೆ, ಅವು ಹೊಂದದಿದ್ದರೂ ವಿಮಾನ ಸುರಕ್ಷಿತವಾಗಿ ಹಾರುತ್ತದೆಂದು ತೋರಿಸಬೇಕಿತ್ತು. ನಮ್ಮ ಮಾದರಿಗಳಲ್ಲಿ ಆ ಯಾಂತ್ರಿಕ ಜೋಡಣೆ ಇಲ್ಲ. ಅದರ ಕೆಲಸವನ್ನು ರೇಡಿಯೊದ ಹೊಂದಾಣಿಕೆಯೇ ಮಾಡಬೇಕು, ಅದಕ್ಕೆ ಪ್ರತಿ ಸರ್ವೊಗೂ ತನ್ನದೇ ಚಾನೆಲ್ ಇರಬೇಕು. ಆಗ ದಿಕ್ಕು, ನಡುಬಿಂದು, ಕೊನೆಯ ಮಿತಿ ಮೂರನ್ನೂ ಬೇರೆಬೇರೆಯಾಗಿ ತಿದ್ದಬಹುದು.

ಆರೇ ಚಾನೆಲ್ಲಿನ ರೇಡಿಯೊ ಇದ್ದರೆ? ಸಾಲುತ್ತದೆ. ವೈ ಕೇಬಲ್ ಐಲರಾನಿಗೆ ಹಾಕಿ. ಅದು ಅದರ ಸಹಜ ಜಾಗ. ಥ್ರಾಟಲ್, ಎಲಿವೇಟರ್, ರಡ್ಡರ್ ಸೇರಿ ನಾಲ್ಕಾಯಿತು. ಐದು ಮತ್ತು ಆರನ್ನು ಫ್ಲ್ಯಾಪುಗಳಿಗೆ ಕೊಟ್ಟು ಎರಡನ್ನೂ ಒಂದೇ ಗುಂಡಿಗೆ ಕಟ್ಟಿ. ಸ್ವಿಚ್ಚಿಗಿಂತ ತಿರುಗಿಸುವ ಗುಂಡಿ ಮೇಲು. ಫ್ಲ್ಯಾಪ್ ಧಡಕ್ಕನೆ ಇಳಿದರೆ ಮೂಗು ಮೇಲೆದ್ದು ವಿಮಾನ ತಟ್ಟನೆ ಮೇಲೇರುತ್ತದೆ. ಸರ್ವೊ ನಿಧಾನಗೊಳಿಸುವ ಸೌಲಭ್ಯವಿಲ್ಲದ ಅಗ್ಗದ ರೇಡಿಯೊದಲ್ಲಿ ಆ ನಿಧಾನ ಬೆರಳಿನಿಂದಲೇ ಬರಬೇಕು.

ವಿದ್ಯುತ್ತಿನ ಲೆಕ್ಕವನ್ನು ಕೊನೆಗೆ ನೋಡುವುದೂ ಕೆಟ್ಟ ಅಭ್ಯಾಸ. ಇಳಿದ ಫ್ಲ್ಯಾಪ್ ಗಾಳಿಯ ಒತ್ತಡಕ್ಕೆ ಎದುರು ನಿಂತಿರುವಷ್ಟು ಹೊತ್ತೂ ಸರ್ವೊ ಕರೆಂಟ್ ಎಳೆಯುತ್ತಲೇ ಇರುತ್ತದೆ. ಮೇಲೆ ಹೇಳಿದ ಜೋಡಣೆಯ ವಿಮಾನದಲ್ಲಿ ಒಟ್ಟು ಆರು ಸರ್ವೊ. ಪೂರ್ತಿ ಚಾರ್ಜಾದ ಮೂರು ಸೆಲ್ಲಿನ ಲಿಪೊ ಬ್ಯಾಟರಿ 12.6 ವೋಲ್ಟ್; ಅದನ್ನು 5ಕ್ಕೆ ಇಳಿಸಿ ರಿಸೀವರಿಗೂ ಸರ್ವೊಗಳಿಗೂ ಕೊಡುವ ಲೀನಿಯರ್ ಬಿಇಸಿ ಪ್ರತಿ ಒಂದು ಆಂಪಿಯರಿಗೆ 7.6 ವ್ಯಾಟನ್ನು ಬಿಸಿಯಾಗಿ ಕಳೆಯುತ್ತದೆ. ನಮ್ಮ ಬಿಸಿಲುನಾಡಿನ ಏಪ್ರಿಲ್‌ನಲ್ಲಿ ಅದು ಕಾದು ನಿಂತರೆ ರಿಸೀವರೂ ನಿಂತಂತೆ. ಸ್ವಿಚಿಂಗ್ ಬಿಇಸಿಯೇ ಬೇಕು. ತೋಳಿನ ಜೋಡಣೆಯಿಂದಲೂ ಈ ಹೊರೆ ತಗ್ಗಿಸಬಹುದು: ಫ್ಲ್ಯಾಪ್ ಪೂರ್ತಿ ಇಳಿದಾಗ ತೋಳು, ಪುಶ್‌ರಾಡ್ ಹೆಚ್ಚುಕಡಿಮೆ ಒಂದೇ ಗೆರೆಗೆ ಬಂದರೆ ಒತ್ತಡವನ್ನು ಗೇರಿನ ಬದಲು ಶಾಫ್ಟ್ ಹೊರುತ್ತದೆ. ಕಾಗದದ ಮೇಲೆ ಗೆರೆ ಎಳೆದು ನೋಡಿಯೇ ಸರ್ವೊದ ಗೂಡು ಕೊರೆಯಬೇಕು.

ಬಾಲ್ಸಾ ಕೊಯ್ಯಲು, ಗುರುತ್ವಕೇಂದ್ರ ಹಿಡಿಯಲು ವಾರಗಟ್ಟಲೆ ತೆಗೆದುಕೊಳ್ಳುವ ತಂಡಗಳು ವೈರಿಂಗನ್ನು ಹಾರಾಟದ ಹಿಂದಿನ ರಾತ್ರಿಗೆ ದೂಡುತ್ತವೆ. ವೈ ಕೇಬಲ್ ಇಷ್ಟು ಜನಪ್ರಿಯವಾಗಿರುವುದಕ್ಕೆ ಆ ರಾತ್ರಿಯೇ ಕಾರಣ ಎಂದು ನನ್ನ ಗುಮಾನಿ. ಆಷಾಢದ ಜೋರು ಎದುರುಗಾಳಿಯಲ್ಲಿ ಫ್ಲ್ಯಾಪ್ ಇಲ್ಲದೆಯೂ ಇಳಿಸಬಹುದು. ಎರಡು ಚಾನೆಲ್ ಕೊಡಲಾಗದಿದ್ದರೆ ಫ್ಲ್ಯಾಪನ್ನು ಮುಚ್ಚಿದಲ್ಲೇ ಅಂಟಿಸಿ ಹಾರಿಸಿ. ಒಂದರಲ್ಲೇ ಎರಡನ್ನೂ ಕಟ್ಟಿ ಇಳಿಸಲು ಹೋಗಬೇಡಿ.