ಪಲ್ಲಕ್ಕಿ ಏರಿದ ಗುರು

ಬೀದರಿನ ಸುಲ್ತಾನ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಬಂದು, ದತ್ತನ ಅವತಾರವೆಂದು ಭಕ್ತರು ನಂಬುವ ಗುರು ನರಸಿಂಹ ಸರಸ್ವತಿಯವರಿಂದ ತೊಡೆಯ ಹುಣ್ಣು ವಾಸಿ ಮಾಡಿಸಿಕೊಂಡ ಪ್ರಸಂಗಕ್ಕೆ, ಅವರ ಕಥೆ ಹೇಳುವ ‘ಗುರುಚರಿತ್ರೆ’ಯ ಓದುಗರಲ್ಲಿ ಎರಡೇ ವ್ಯಾಖ್ಯಾನ. ದೊರೆ ಗುರುವಿಗೆ ಮಣಿದ ಎಂಬುದು ಒಂದು, ಹಿಂದೂ-ಮುಸ್ಲಿಂ ಸಾಮರಸ್ಯಕ್ಕೆ ಇದೇ ಸಾಕ್ಷಿ ಎಂಬುದು ಇನ್ನೊಂದು. ನಾನು ಎರಡನ್ನೂ ಒಪ್ಪಲಾರೆ. ಗ್ರಂಥದೊಳಗಿನ ಬಿಕ್ಕಟ್ಟನ್ನು ಅವು ಮುಟ್ಟುವುದೇ ಇಲ್ಲ.

ಬೀದರಿನ ಆಸ್ಥಾನದಲ್ಲಿ ವೇದ ಹೇಳಿ ಸನ್ಮಾನ ಪಡೆದು ಮೆರೆದ ಇಬ್ಬರು ಪಂಡಿತರನ್ನು ನರಸಿಂಹ ಸರಸ್ವತಿ ಕಟುವಾಗಿ ಖಂಡಿಸುತ್ತಾರೆ. ಮುಂದೆ ಬೀದರಿನ ದೊರೆಯ ಪಲ್ಲಕ್ಕಿಯನ್ನು ತಾವೇ ಏರುತ್ತಾರೆ. ಪಂಡಿತರಿಗೆ ಸಲ್ಲದ ಅರಮನೆ ಗುರುವಿಗೆ ಹೇಗೆ ಸಂದಿತು? ಭಕ್ತರು ಇದನ್ನು ಲೀಲೆ ಎಂದು ದಾಟಿಬಿಡುತ್ತಾರೆ. ಅದು ಉತ್ತರವಲ್ಲ.

ಉತ್ತರ ಕುರುವಪುರದಲ್ಲಿದೆ. ಅಲ್ಲಿ ನರಸಿಂಹ ಸರಸ್ವತಿಯವರ ಹಿಂದಿನ ಅವತಾರವೆಂದು ಗ್ರಂಥ ಹೇಳುವ ಶ್ರೀಪಾದ ಶ್ರೀವಲ್ಲಭರ ಸೇವೆಯಲ್ಲಿದ್ದ ಅಗಸ, ಕೃಷ್ಣೆಯಲ್ಲಿ ದೋಣಿಯೇರಿ ಸಾಗಿದ ಅರಸನೊಬ್ಬನ ವೈಭವ ಕಂಡು ಆಸೆಪಟ್ಟ. ಮರುಜನ್ಮದಲ್ಲಿ ಅದು ನಿನಗೆ ಎಂದರು ಗುರು. ಸುಲ್ತಾನ ಆ ಅಗಸನೇ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯವೂ ಅಧಿಕಾರ ದೇವರಿಂದಲೇ ಬಂತು ಎನ್ನುತ್ತದೆ. ಆದರೆ ಅಲ್ಲಿ ಅದರ ಕೆಲಸ ಕೇಡನ್ನು ದಂಡಿಸುವುದು. ಇಲ್ಲಿ ರಾಜ್ಯವೆಂದರೆ ಅನುಭವಿಸಿ ತೀರಿಸಬೇಕಾದ ಒಬ್ಬನ ಆಸೆ, ಅಷ್ಟೆ. ಅರಸೊತ್ತಿಗೆಯನ್ನು ಇಷ್ಟು ಸಣ್ಣದು ಮಾಡಿ ನೋಡಿದ ಧರ್ಮಗ್ರಂಥ ಅಪರೂಪ.

ಗುರು ಬೀದರಿಗೆ ಹೋದದ್ದು ಹಿಂದಿನ ಅವತಾರದಲ್ಲಿ ಆ ಅಗಸನಿಗೆ ಕೊಟ್ಟ ಮಾತಿಗಾಗಿ. ಆ ಹೋಗುವಿಕೆಯನ್ನೂ ಗಮನಿಸಬೇಕು: ದಾರಿಯಲ್ಲೇ ಮರೆಯಾಗಿ ಪಾಪನಾಶ ತೀರ್ಥ ಸೇರಿ ಅನುಷ್ಠಾನಕ್ಕೆ ಕೂತುಬಿಟ್ಟರು, ದೊರೆಯೇ ಹಿಂದಿನಿಂದ ಬರಬೇಕಾಯಿತು. ಅರಮನೆಯಲ್ಲಿ ಅವರು ವಿಚಾರಿಸಿದ್ದು ಆಸೆ ತೀರಿತೇ ಎಂದು. ತೀರಿದ್ದರೆ ರಾಜ್ಯ ಮಕ್ಕಳಿಗೆ ಬಿಟ್ಟು ಶ್ರೀಶೈಲಕ್ಕೆ ಬಾ ಎಂದರು. ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಯನ್ನು ಸೇರುವ ಗಾಣಗಾಪುರದಲ್ಲಿ, ಗುರುವಿನ ಆ ಕ್ಷೇತ್ರದಲ್ಲಿ, ಇಂದಿಗೂ ಯಾತ್ರಿಕರು, ಎಷ್ಟೇ ಸ್ಥಿತಿವಂತರಿರಲಿ, ಮಧ್ಯಾಹ್ನ ಜೋಳಿಗೆ ಹಿಡಿದು ಐದು ಮನೆ ಮಾಧುಕರಿ ಬೇಡುತ್ತಾರೆ. ದತ್ತನೇ ಆ ಹೊತ್ತಿಗೆ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಈ ಬೇಡುವ ದೇವರನ್ನು ಬಿಟ್ಟು ಸುಲ್ತಾನನ ಕಥೆಯನ್ನಷ್ಟೇ ಓದಿದವರಿಗೆ ಅದು ಗುರುವಿನ ದಿಗ್ವಿಜಯದಂತೆ ಕಾಣುತ್ತದೆ.

ಹಾಗೆಂದು ಗ್ರಂಥದ ಮಿತಿಯನ್ನು ನಾನು ಮುಚ್ಚಿಡುವುದಿಲ್ಲ. ಗಾಣಗಾಪುರಕ್ಕೆ ಮರಳಿದ ಗುರು ಇನ್ನು ಗುಪ್ತವಾಗಿರಲು ನಿರ್ಧರಿಸಿದ್ದಕ್ಕೆ ಅದು ಕೊಡುವ ಕಾರಣ ಯವನರ, ಎಂದರೆ ಮುಸ್ಲಿಮರ, ಬರವು ಹೆಚ್ಚೀತೆಂಬುದು. ಸಾಮರಸ್ಯದ ಓದು ಅಲ್ಲೇ ಮುಗ್ಗರಿಸುತ್ತದೆ. ಇದಕ್ಕಿಂತ ನನ್ನನ್ನು ನೋಯಿಸುವುದು ಪಂಡಿತರ ಪ್ರಸಂಗ. ಅವರ ಸೊಕ್ಕು ಮುರಿಯಲು ಗುರು ‘ಪತಿತ’ನೊಬ್ಬನ ಮೈಗೆ ಭಸ್ಮ ಹಾಕಿಸಿ ಅವನ ಬಾಯಿಂದ ವೇದ ಹೇಳಿಸುತ್ತಾರೆ. ಕೆಲಸ ಮುಗಿದ ಮೇಲೆ ಆ ಭಸ್ಮವನ್ನು ತೊಳೆಸಲಾಗುತ್ತದೆ, ಅದರೊಂದಿಗೆ ಅರಿವೂ ಹೋಗುತ್ತದೆ, ಅವನು ತನ್ನ ಕೇರಿಗೆ ಮರಳುತ್ತಾನೆ. ಅಗಸನಿಗೆ ಮುಂದಿನ ಜನ್ಮಕ್ಕೆ ಸಿಂಹಾಸನ ಕೊಟ್ಟ ಕಥನ, ಇವನಿಗೆ ಇದೇ ಜನ್ಮದಲ್ಲಿ ಬಂದ ವಿದ್ಯೆಯನ್ನು ಉಳಿಸಿಕೊಡಲಿಲ್ಲ.